ಕರೆದರೂ ನಿಲ್ಲುವ ಗೋದಾಮು

ನನಗೆ ಭಾನುಮತಿಯ ಮೇಲೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ನಮ್ಮ ಊರಿನವರು ಇದನ್ನು ಬಹಳ ದಿನ ನಂಬಲಿಲ್ಲ. ಅವರ ಪ್ರಕಾರ ಪದ್ಮಣ್ಣ ಎಂದರೆ ತಣ್ಣಗಿನ ಮನುಷ್ಯ, ಇಪ್ಪತ್ತಾರು ವರ್ಷ ಗೋದಾಮು ಮಂಡಳಿಯಲ್ಲಿ ತಲೆ ತಗ್ಗಿಸಿ ದುಡಿದವನು, ಯಾರ ತಂಟೆಗೂ ಹೋಗದವನು. ತಲೆ ತಗ್ಗಿಸಿದ್ದು ನಿಜ. ತಗ್ಗಿಸಿದ ತಲೆಯೊಳಗೆ ಏನು ಓಡುತ್ತಿದೆ ಎಂದು ಯಾರೂ ಬಗ್ಗಿ ನೋಡಿದವರಲ್ಲ.

ನಮ್ಮದು ಮೂರು ಕಡೆ ಸಮುದ್ರವಿರುವ ಊರು. ವರ್ಷದಲ್ಲಿ ನಾಲ್ಕು ತಿಂಗಳು ಗಾಳಿಗಾಲ. ಆ ನಾಲ್ಕು ತಿಂಗಳು ಹಡಗುಗಳು ಈ ಕಡೆ ತಲೆ ಹಾಕುವುದಿಲ್ಲ, ಆದ್ದರಿಂದ ಊರು ತಿನ್ನುವ ಅಕ್ಕಿ, ಬೇಳೆ, ಉಪ್ಪು, ಒಣಮೀನು ಎಲ್ಲವೂ ಮೊದಲೇ ಗೋದಾಮು ಸೇರಬೇಕು. ಗೋದಾಮು ನಿಂತರೆ ಊಟ, ಬಿದ್ದರೆ ಗಂಜಿ. ಗಾಳಿ ಹೊರಗೆ ಎಷ್ಟೇ ಅಬ್ಬರಿಸಲಿ, ಸುಮ್ಮನೆ ಯಾವ ಕಟ್ಟಡದೊಳಕ್ಕೂ ನುಗ್ಗುವುದಿಲ್ಲ. ಬಾಗಿಲಿಗೆ ಬಂದು ತಟ್ಟುತ್ತದೆ, ಸ್ವಲ್ಪ ಹೊತ್ತು ಕಾಯುತ್ತದೆ. ಹತ್ತಿರದಲ್ಲಿ ಯಾರಾದರೂ ‘ಬಾ’ ಎಂದರೆ ಒಳಗೆ ಹೋಗುತ್ತದೆ. ಯಾರೂ ಏನೂ ಅನ್ನದಿದ್ದರೆ ಮುಂದಿನ ಬಾಗಿಲಿಗೆ ಹೋಗುತ್ತದೆ.

ಹಾಗಾಗಿ ಗಾಳಿಗಾಲದಲ್ಲಿ ನಾವು ಯಾರನ್ನೂ ‘ಬಾ’ ಎನ್ನುವುದಿಲ್ಲ. ತಾಯಂದಿರು ಮಕ್ಕಳನ್ನು ಚಪ್ಪಾಳೆ ತಟ್ಟಿ ಕರೆಯುತ್ತಾರೆ. ಅಂಗಡಿಯವರು ‘ಏನು ಕೊಡ್ಲಿ’ ಎಂದೇ ಮಾತು ಶುರು ಮಾಡುತ್ತಾರೆ. ಮನೆಗೆ ಬಂದವರಿಗೆ ‘ಕೂತ್ಕೊಳ್ಳಿ’ ಎನ್ನುತ್ತೇವೆ, ಅವರಿನ್ನೂ ಹೊಸ್ತಿಲಾಚೆಯೇ ನಿಂತಿದ್ದರೂ. ಈ ಎಚ್ಚರಿಕೆ ಬೆಳೆದೂ ಬೆಳೆದೂ ಆ ಅಕ್ಷರವಿರುವ ಯಾವ ಮಾತನ್ನೂ ಆಡದ ಹಾಗಾಗಿದೆ. ಬಾಗಿಲಿಗೆ ಕದ, ಬಾಳೆಹಣ್ಣಿಗೆ ಗೊನೆಹಣ್ಣು, ಬಾಯಿಗೆ ಹೆಸರೇ ಇಲ್ಲ, ಬೆರಳು ತೋರಿಸಿದರಾಯಿತು. ಶಾಲೆಯಲ್ಲಿ ಕಾಗುಣಿತ ಒಪ್ಪಿಸುವ ಮಕ್ಕಳು ಬ ಆದಮೇಲೆ ಒಂದು ಸಲ ಉಸಿರು ಬಿಟ್ಟು ಬಿ ಎನ್ನುತ್ತಾರೆ. ಬರೆಯುವುದಕ್ಕೆ ಅಡ್ಡಿಯಿಲ್ಲ, ಗಾಳಿಗೆ ಓದು ಬಾರದು. ಅಲ್ಪಪ್ರಾಣ ಮಹಾಪ್ರಾಣಗಳ ಭೇದವೂ ಅದಕ್ಕೆ ಗೊತ್ತಿಲ್ಲ, ‘ಭಾರ’ ಎಂದರೂ ಕಿವಿ ನಿಮಿರಿಸುತ್ತದೆ. ಆದರೆ ಹೀಗೆ ಮಾತಿನ ನಡುವೆ ಸಿಕ್ಕಿಕೊಂಡ ಅಕ್ಷರಕ್ಕೆ ಅದು ಅರ್ಧ ಮಾತ್ರ ಬರುತ್ತದೆ, ಹೊಸ್ತಿಲಲ್ಲಿ ಇಣುಕಿ ನೋಡಿ ಹೊರಟುಹೋಗುತ್ತದೆ. ಕರೆಯುವ ‘ಬಾ’ಗೆ ಮಾತ್ರ ಪೂರ್ತಿ ಬರುತ್ತದೆ. ಮಂಡಳಿಯ ನಿಯಮ ಪುಸ್ತಕದಲ್ಲೇ ಅರ್ಧ ಗಾಳಿ, ಪೂರ್ತಿ ಗಾಳಿ ಎಂದು ಎರಡು ಬಗೆ ಬರೆದಿಟ್ಟಿದ್ದಾರೆ.

ಮಂಡಳಿಯ ಎಂಜಿನಿಯರ್ ಆಗಿ ನಾನು ಎಂಟು ಗೋದಾಮು ಕಟ್ಟಿಸಿದೆ. ನನ್ನದು ಒಂದೇ ಹಟ: ಗಾಳಿ ಒಳಗೆ ಬರಕೂಡದು. ಎರಡಡಿ ದಪ್ಪದ ಕಲ್ಲುಗೋಡೆ, ಹಲಸಿನ ಹಲಗೆಗೆ ಕಬ್ಬಿಣದ ಪಟ್ಟಿ ಬಡಿದ ಬಾಗಿಲು, ಅದಕ್ಕೆ ಅಡ್ಡಡ್ಡ ಮೂರು ಅಗುಳಿ. ಹೊರಗಿನ ಗಾಳಿಗೆ ನನ್ನ ಗೋದಾಮುಗಳ ಒಂದು ಕೂದಲೂ ಕೊಂಕಿದ್ದಿಲ್ಲ. ಆದರೂ ಎಂಟರಲ್ಲಿ ನಾಲ್ಕು ಹೋದವು. ಪ್ರತಿ ಸಲವೂ ಯಾರೋ ಕರೆದಿದ್ದರು. ಎರಡನೇ ನಂಬರಿನ ಎದುರು ಒಬ್ಬ ಹಮಾಲಿ ಜೊತೆಗಾರನಿಗೆ ‘ಬಾರೋ ಬೇಗ’ ಎಂದ. ಐದನೇ ನಂಬರಿನ ಹತ್ತಿರ ಒಬ್ಬ ಮುದುಕಿ ತನ್ನ ಆಡನ್ನು ಕರೆದಳು. ಗಾಳಿ ಬಾಗಿಲು ಮುರಿದು ಒಳಗೆ ಹೋಯಿತು. ಹೋದದ್ದಕ್ಕೆ ಹೊರಗೆ ಬರಲು ದಾರಿಯಿಲ್ಲ. ಮೇಲಿನಿಂದ ಹೊರಗಿನ ಗಾಳಿ ಎಳೆಯಿತು, ಕೆಳಗಿನಿಂದ ಒಳಗಿನ ಗಾಳಿ ಒತ್ತಿತು, ಚಾವಣಿ ಅನ್ನದ ಪಾತ್ರೆಯ ಮುಚ್ಚಳದ ಹಾಗೆ ಎದ್ದು ಸಮುದ್ರಕ್ಕೆ ಹೋಯಿತು. ಕರೆದವರು ಗಾಳಿಗಾಲ ಮುಗಿಯುವ ತನಕ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡಬೇಕು ಎಂಬುದು ನಿಯಮ. ಆ ಮುದುಕಿ ಗಾಳಿಗಾಲ ಮುಗಿದ ಮೇಲೂ ಬಟ್ಟೆ ಬಿಚ್ಚಲಿಲ್ಲ, ಸಾಯುವ ತನಕ ಮಾತೇ ಆಡಲಿಲ್ಲ ಎಂದು ಕೇಳಿದ್ದೇನೆ. ಊರಿಗೆ ಊರೇ ಅವರನ್ನೆಲ್ಲ ಬೈಯಿತು. ಕಟ್ಟಿದವನನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಭಾನುಮತಿ ಮೊದಲು ಬಂದದ್ದು ನನ್ನ ಕೈಕೆಳಗೆ ನಕ್ಷೆ ಬಿಡಿಸುವ ಕೆಲಸಕ್ಕೆ. ಪೆನ್ಸಿಲ್ ಹೇಗೆ ಹಿಡಿಯಬೇಕು ಎನ್ನುವುದರಿಂದ ಹಿಡಿದು ಎಲ್ಲವನ್ನೂ ಹೇಳಿಕೊಟ್ಟವನು ನಾನು. ಎರಡು ವರ್ಷ ಕಲಿತಳು, ದೂರದ ಊರಿಗೆ ಓದಲು ಹೋದಳು, ಐದು ವರ್ಷದ ಮೇಲೆ ಎಂಜಿನಿಯರ್ ಆಗಿ ವಾಪಸು ಬಂದಳು. ಊರಿನವರು ಅವಳನ್ನು ಬಾನು, ಬಾನಕ್ಕ ಎಂದೆಲ್ಲ ಕರೆಯುತ್ತಿದ್ದರು. ನಾನೊಬ್ಬನೇ ಭಾನುಮತಿ ಎಂದು ಎದೆಯಿಂದ ಉಸಿರು ತೆಗೆದು ಸರಿಯಾಗಿ ಕರೆಯುತ್ತಿದ್ದವನು. ಉಚ್ಚಾರಣೆಯ ವಿಷಯದಲ್ಲಿ ನನಗೆ ಮೊದಲಿನಿಂದಲೂ ಸ್ವಲ್ಪ ಜಂಭ.

ಅವಳು ವಾಪಸಾದ ವರ್ಷ ಗಾಳಿಗಾಲ ಶುರುವಾದಾಗ ಜನಕ್ಕೆ ಪೇಚಾಟವಾಯಿತು. ಅವಳ ಹೆಸರನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಏನೆಂದು ಕರೆಯುವುದು? ಹಮಾಲಿಗಳ ಮುಖಂಡ ಸಿದ್ಲಿಂಗ ಒಂದು ದಿನ ‘ಎಂಜಿನಿಯರಮ್ಮಾ’ ಎಂದ. ಅಷ್ಟೇ, ಊರಿಡೀ ಅದೇ ಆಯಿತು. ಗಾಳಿಗಾಲ ಮುಗಿದ ಮೇಲೂ ಅದೇ ಉಳಿಯಿತು. ನಾನು ಇಪ್ಪತ್ತಾರು ವರ್ಷ ಎಂಜಿನಿಯರ್ ಆಗಿದ್ದೆ. ನನ್ನನ್ನು ಒಬ್ಬನೇ ಒಬ್ಬ ಎಂಜಿನಿಯರ್ ಸಾಹೇಬರೇ ಎಂದವನಲ್ಲ. ಮೀನಿನಂಗಡಿಯವನಿಗೂ ನಾನು ಪದ್ಮಣ್ಣ, ಮಂಡಳಿಯ ಅಧ್ಯಕ್ಷರಿಗೂ ಪದ್ಮಣ್ಣ. ಕೊನೆಗೆ ನನ್ನ ಹೆಂಡತಿ ನಾಗವೇಣಿ ಒಂದು ದಿನ ಊಟಕ್ಕೆ ಬಡಿಸುತ್ತ, ‘ಇವತ್ತು ಎಂಜಿನಿಯರಮ್ಮ ಸಿಕ್ಕಿದ್ಲು, ಎಷ್ಟು ಚೆನ್ನಾಗಿ ಮಾತಾಡ್ತಾಳೆ’ ಎಂದಳು.

‘ನಮ್ಮ ಮನೇಲೂ ಒಬ್ಬ ಎಂಜಿನಿಯರ್ ಇದಾನೆ,’ ಎಂದೆ.

‘ಇದೀರಲ್ಲ, ಯಾರು ಇಲ್ಲ ಅಂದ್ರು? ಸಾರು ಹಾಕ್ಲಾ?’ ಎಂದಳು. ನಾನು ಸಾರು ಹಾಕಿಸಿಕೊಳ್ಳದೆ ಎದ್ದೆ.

ಆದರೆ ಒಂದು ಹೆಸರಿಗೆ ಮನುಷ್ಯ ಎಷ್ಟೆಂದು ಉರಿದಾನು? ನಿಜವಾದ ಉರಿ ಹತ್ತಿದ್ದು ಅವಳು ಒಂಬತ್ತನೇ ನಂಬರಿನ ಗೋದಾಮಿನ ನಕ್ಷೆಯನ್ನು ನನ್ನ ಮೇಜಿನ ಮೇಲೆ ಹರಡಿದ ದಿನ. ಗಾಳಿಗಾಲ ಮುಗಿದಿತ್ತು, ಎಲ್ಲರೂ ಎಲ್ಲ ಅಕ್ಷರಗಳನ್ನೂ ಧಾರಾಳವಾಗಿ ಆಡುವ ದಿನಗಳು. ಚಾವಣಿ ಎರಡು ಕಡೆಗೆ ಇಳಿಯುವ ಬದಲು ನಾಲ್ಕು ಕಡೆಗೂ ಇಳಿದಿತ್ತು. ಸೂರು ಗೋಡೆಯಿಂದ ಹೊರಗೆ ಒಂದು ಗೇಣೂ ಚಾಚಿರಲಿಲ್ಲ, ಗಾಳಿಗೆ ಕೈ ಹಾಕಿ ಎತ್ತಲು ಅಂಚೇ ಸಿಗದ ಹಾಗೆ. ಮೂಲೆಗಳಲ್ಲಿ ತಗಡು ಹಿಡಿಯುವ ಸ್ಕ್ರೂಗಳು ಒತ್ತೊತ್ತಾಗಿದ್ದವು, ಏಕೆಂದರೆ ಗಾಳಿ ಮೊದಲು ಕೀಳುವುದು ಮೂಲೆಯನ್ನು. ತಗಡನ್ನು ಪಟ್ಟಿಗೆ, ಪಟ್ಟಿಯನ್ನು ತೊಲೆಗೆ, ತೊಲೆಯನ್ನು ಕಂಬಕ್ಕೆ, ಕಂಬವನ್ನು ಪಾಯಕ್ಕೆ ಎಲ್ಲಿಯೂ ಬಿಡದೆ ಬಿಗಿದಿದ್ದಳು. ಚಾವಣಿ ಎದ್ದರೆ ಭೂಮಿಯನ್ನೂ ಕಿತ್ತುಕೊಂಡು ಏಳಬೇಕು. ಗಾಳಿ ಬರುವ ಕಡೆಗೆ ದೊಡ್ಡ ಬಾಗಿಲು. ಅದರ ಎದುರು ಗೋಡೆಯಲ್ಲಿ, ಮೇಲ್ಗಡೆ ಕೀಲಿಟ್ಟು ತೂಗುಬಿಟ್ಟ ಹದಿನಾಲ್ಕು ಹಲಗೆಗಳು.

‘ಇವೇನು?’ ಎಂದು ಕೇಳಿದೆ.

‘ಅದು ಹೋಗೋ ದಾರಿ ಸರ್. ಒಳಗಿಂದ ಒತ್ತಿದ್ರೆ ತಾನಾಗೇ ಮೇಲೇಳ್ತಾವೆ, ಒತ್ತಡ ಹೋದ್ಮೇಲೆ ತಾನಾಗೇ ಬೀಳ್ತಾವೆ.’

‘ನಮ್ಮ ಗೋದಾಮಿನೊಳಗೆ ಗಾಳಿ ಬರೋದೇ ಇಲ್ಲವಲ್ಲ.’

‘ಯಾರಾದ್ರೂ ಕರೆದ್ರೆ?’

‘ಕರೆದರೆ ಯಾವುದೂ ನಿಲ್ಲಲ್ಲ. ಅದಕ್ಕೇ ಕರೀಬಾರದು.’

ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡಳು. ಅದೂ ನನ್ನಿಂದ ಕಲಿತದ್ದೇ. ‘ಸರ್, ನಾಲಿಗೆ ಇದ್ಮೇಲೆ ಒಂದಲ್ಲ ಒಂದು ದಿನ ಜಾರುತ್ತೆ. ನಾವು ಕಟ್ಟೋದು ನಾಲಿಗೆ ಜಾರೋ ಮನುಷ್ಯರಿಗೇ ತಾನೆ? ಕರೆದರೂ ನಿಲ್ಲಬೇಕು. ನಿಲ್ಲಲಿಲ್ಲ ಅಂದ್ರೆ ತಪ್ಪು ಕರೆದವರದ್ದಲ್ಲ.’

ಯಾರದ್ದು ಎಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ನನ್ನ ನಾಲ್ಕು ಚಾವಣಿಗಳೂ ಒಟ್ಟಿಗೆ ಎದ್ದು ನನ್ನ ತಲೆಯ ಮೇಲೆ ಬಂದ ಹಾಗಾಯಿತು. ಮಾತು ತಪ್ಪಿಸಲು ನಕ್ಷೆಯಲ್ಲಿ ತಪ್ಪು ಹುಡುಕಿದೆ. ದೊಡ್ಡ ಬಾಗಿಲು ತೀರ ತೆಳುವಾಗಿತ್ತು. ‘ಇದೇನಿದು, ಕೋಳಿಗೂಡಿನ ಬಾಗಿಲು?’ ಎಂದೆ.

‘ಬೇಕು ಅಂತಲೇ ಹಾಗಿಟ್ಟಿದೀನಿ ಸರ್. ಬಾಗಿಲು ಹೋದ್ರೆ ಇನ್ನೊಂದು ಮಾಡಿಸಬಹುದು. ಬಾಗಿಲು ಹಟ ಹಿಡಿದ್ರೆ ಗೋಡೇನೂ ಕರ್ಕೊಂಡು ಹೋಗುತ್ತೆ.’

ಇಂಥ ಮಾತು ನನಗೇಕೆ ಹೊಳೆದಿರಲಿಲ್ಲ? ಅವತ್ತು ಮನೆಗೆ ನಡೆದುಕೊಂಡು ಹೋಗುವಾಗ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇದನ್ನೇ. ಅವಳ ನಕ್ಷೆ ತಪ್ಪಾಗಿದ್ದಿದ್ದರೆ ನನಗೆ ಅವಳ ಮೇಲೆ ಪ್ರೀತಿಯೇ ಹುಟ್ಟುತ್ತಿತ್ತು, ತಿದ್ದಿ ಹೇಳಿಕೊಡುತ್ತಿದ್ದೆ. ಅದು ಸರಿಯಾಗಿತ್ತು. ನೋಡಿದ ಕೂಡಲೇ ಸರಿ ಎಂದು ತಿಳಿಯುವಷ್ಟು ಸರಿಯಾಗಿತ್ತು.

ಮಂಡಳಿಯ ಅಧ್ಯಕ್ಷ ವರದಪ್ಪನವರು ಕೊಬ್ಬರಿ ವ್ಯಾಪಾರಿ, ಕಟ್ಟಡದ ವಿಷಯ ಏನಿದ್ದರೂ ನನ್ನನ್ನು ಕೇಳುವವರು. ಪರೀಕ್ಷೆಗೆ ಒಂದು ಕಟ್ಟಲಿ ಎಂದು ನಾನೇ ಅಭಿಪ್ರಾಯ ಬರೆದುಕೊಟ್ಟೆ. ದೊಡ್ಡ ಮನಸ್ಸಿನಿಂದ ಎಂದು ಎಲ್ಲರೂ ಹೊಗಳಿದರು. ಬಿದ್ದರೆ ಬೀಳಲಿ ಎಂಬ ಆಸೆಯಿಂದ ಬರೆದುಕೊಟ್ಟಿದ್ದೆ.

ಬೀಳಲಿಲ್ಲ. ಎರಡು ಗಾಳಿಗಾಲ ಕಳೆದವು, ಯಾರೂ ಕರೆಯಲಿಲ್ಲ, ಒಂಬತ್ತನೇ ನಂಬರು ನಿಂತಿತ್ತು. ನನ್ನ ಉಳಿದ ನಾಲ್ಕೂ ನಿಂತಿದ್ದವು, ಆದರೆ ಅವುಗಳನ್ನು ಯಾರು ನೋಡುತ್ತಾರೆ? ಸಂಜೆ ಹೊತ್ತು ಜನ ಒಂಬತ್ತನೆಯದರ ಹತ್ತಿರ ಗಾಳಿ ಸೇವನೆಗೆ ಹೋಗುವುದು ರೂಢಿಯಾಯಿತು. ಹಮಾಲಿಗಳು ಅಲ್ಲಿ ಮೂಟೆ ಹೊರುವ ಸರದಿಗೆ ಕಿತ್ತಾಡುತ್ತಿದ್ದರು, ಒಳಗೆ ತಂಪಂತೆ, ಉಸಿರಾಡಲು ಹಾಯಂತೆ. ಸಿದ್ಲಿಂಗ ನನ್ನ ಮುಖಕ್ಕೇ ಹೇಳಿದ: ‘ಪದ್ಮಣ್ಣ, ನಿಮ್ಮ ಗೋದಾಮು ಗಟ್ಟಿ, ಇಲ್ಲ ಅನ್ನಲ್ಲ. ಆದ್ರೆ ಒಳಗೆ ಹೋದ್ರೆ ಜೈಲಿಗೆ ಹೋದಂಗಾಗುತ್ತೆ.’ ನಾನು ನಕ್ಕೆ. ನಗುವುದನ್ನು ನಾನು ಚೆನ್ನಾಗಿ ಕಲಿತಿದ್ದೆ.

ಮೂರನೇ ಗಾಳಿಗಾಲ ಶುರುವಾಗುವ ಹೊತ್ತಿಗೆ, ಅದು ಮುಗಿದ ಮೇಲೆ ಏಳು ಹೊಸ ಗೋದಾಮುಗಳನ್ನು ಕಟ್ಟುವುದೆಂದು ಮಂಡಳಿ ತೀರ್ಮಾನಿಸಿತು. ಏಳೂ ಒಂದೇ ನಕ್ಷೆಯವು. ನನ್ನ ನಕ್ಷೆಯೋ ಅವಳ ನಕ್ಷೆಯೋ ಎಂಬುದು ಮುಂದಿನ ಸಭೆಯಲ್ಲಿ ನಿರ್ಧಾರವಾಗಬೇಕು. ನನ್ನ ನಕ್ಷೆ ಬೇಡವಾದರೆ ನನ್ನ ಇಪ್ಪತ್ತಾರು ವರ್ಷವೂ ಬೇಡವಾದ ಹಾಗೆ. ಅವಳದು ಬೇಡವಾದರೆ ಅವಳು ಮತ್ತೆ ನನ್ನ ಕೈಕೆಳಗೆ ಗೆರೆ ಎಳೆಯಬೇಕು. ವರದಪ್ಪನವರು ಅವಳ ಕಡೆ ವಾಲುತ್ತಿರುವುದು ನನಗೆ ಕಾಣುತ್ತಿತ್ತು. ದಾರಿಯಲ್ಲಿ ಸಿಕ್ಕರೆ ನನ್ನ ಆರೋಗ್ಯ ವಿಚಾರಿಸತೊಡಗಿದ್ದರು.

ಆ ಗಾಳಿಗಾಲದ ದೊಡ್ಡ ಗಾಳಿ ಎದ್ದದ್ದು ಒಂದು ಮಧ್ಯಾಹ್ನ. ದೊಡ್ಡ ಗಾಳಿಯ ದಿನ ಎಲ್ಲ ಗೋದಾಮುಗಳ ಕೊನೆಯ ಸುತ್ತು ಹೊಡೆಯುವುದು ಹಿರಿಯ ಎಂಜಿನಿಯರನ ಕೆಲಸ. ನನ್ನ ನಾಲ್ಕನ್ನೂ ನೋಡಿ, ಅಗುಳಿ ಹಾಕಿಸಿ, ಒಂಬತ್ತನೆಯದರ ಹತ್ತಿರ ಬಂದೆ. ಮರಳು ಮುಖಕ್ಕೆ ರಾಚುತ್ತಿತ್ತು. ಭಾನುಮತಿಯ ಸೈಕಲ್ ಪಕ್ಕದ ಗೋಡೆಗೆ ಒರಗಿತ್ತು. ಎರಡು ಹಲಗೆಗಳ ಕೀಲು ತುಕ್ಕು ಹಿಡಿದಿದೆ, ಎಣ್ಣೆ ಹಾಕಿ ಬರುತ್ತೇನೆ ಎಂದು ಅವಳು ಒಳಗೆ ಹೋಗಿದ್ದಳು. ಸಿದ್ಲಿಂಗ ಮತ್ತು ಅವನ ಕಡೆಯ ಮೂವರು ಎದುರಿನ ಉಪ್ಪಿನ ಕಟ್ಟೆಯ ಹಿಂದೆ ಅವಳಿಗಾಗಿ ಕಾಯುತ್ತ ಕೂತಿದ್ದರು. ನಾನು ಬಾಗಿಲಿನಿಂದ ಹತ್ತು ಮಾರು ದೂರದಲ್ಲಿದ್ದೆ. ಆಗ ಗಾಳಿ ಬಂದು ತಟ್ಟಿತು.

ಮೂರು ಸಲ ತಟ್ಟಿ ಕಾಯಿತು. ಆ ಹೊತ್ತಿನಲ್ಲಿ ಊರಿನ ಯಾವ ಮನುಷ್ಯನಾದರೂ ಹಲ್ಲು ಕಚ್ಚಿ ನಿಲ್ಲುತ್ತಾನೆ, ಅದು ನಮಗೆ ಹಾಲಿನ ಜೊತೆ ಬಂದ ಅಭ್ಯಾಸ. ಇಪ್ಪತ್ತಾರು ವರ್ಷದಲ್ಲಿ ನನ್ನ ನಾಲಿಗೆ ಒಮ್ಮೆಯೂ ಜಾರಿದ್ದಿಲ್ಲ. ಅವತ್ತೂ ಜಾರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಆ ಅಕ್ಷರ ನನ್ನ ನಾಲಿಗೆಯ ಕೆಳಗೇ ಇತ್ತು. ನಾನು ಬಾಗಿಲನ್ನು ನೋಡಿ, ‘ಬಾ’ ಎಂದೆ. ಗಟ್ಟಿಯಾಗಿಯೇ ಎಂದೆ.

ಬಾಗಿಲು ಒಂದೇ ಏಟಿಗೆ ಹೋಯಿತು. ಗಾಳಿ ಒಳಗೆ ನುಗ್ಗಿದ ಸದ್ದು ನನಗೆ ಗೊತ್ತಿದ್ದ ಸದ್ದೇ, ನಾಲ್ಕು ಸಲ ಕೇಳಿದ್ದೆ. ಆಮೇಲೆ ಬರಬೇಕಾದ ಸದ್ದಿಗಾಗಿ, ತಗಡು ಹರಿಯುವ ಸದ್ದಿಗಾಗಿ ಕಾದೆ. ಚಾವಣಿ ಒಮ್ಮೆ ನಡುಗಿತು. ಅಷ್ಟರಲ್ಲಿ ಹಿಂದಿನ ಗೋಡೆಯ ಕಡೆಯಿಂದ ಪಟಪಟನೆ ಸದ್ದು ಬಂತು. ಹಲಗೆಗಳು ಒಂದಾದ ಮೇಲೊಂದು ಮೇಲೆದ್ದವು. ಹೊಟ್ಟು, ಧೂಳು, ಹರಿದ ಗೋಣಿಚೀಲ ಎಲ್ಲ ಹೊತ್ತುಕೊಂಡು ಗಾಳಿ ಆ ಕಡೆಯಿಂದ ಹೊರಗೆ ಹೋಯಿತು. ಹೋಗುತ್ತಲೇ ಇತ್ತು, ಬರುತ್ತಲೇ ಇತ್ತು, ಹೋಗುತ್ತಲೇ ಇತ್ತು. ಕಾಲು ಗಂಟೆಯ ಮೇಲೆ ಹಲಗೆಗಳು ಟಪ್ಪೆಂದು ಬಿದ್ದು ಮುಚ್ಚಿಕೊಂಡವು. ಗೋದಾಮು ನಿಂತಿತ್ತು. ಗಾಳಿಯನ್ನು ಹೊಟ್ಟೆಯೊಳಗಿಟ್ಟುಕೊಂಡು ನಿಂತ ಗೋದಾಮನ್ನು ನಮ್ಮ ಊರು ಅದುವರೆಗೆ ಕಂಡಿರಲಿಲ್ಲ.

ಭಾನುಮತಿ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು. ಮೈಯೆಲ್ಲ ಹೊಟ್ಟು. ಕೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು. ಅವಳು ಕೈಯನ್ನೂ ನೋಡಿಕೊಳ್ಳಲಿಲ್ಲ, ನಮ್ಮನ್ನೂ ನೋಡಲಿಲ್ಲ, ತಿರುಗಿ ಚಾವಣಿಯನ್ನು ನೋಡಿದಳು. ‘ನಿಂತಿದೆ!’ ಎಂದು ನಕ್ಕಳು. ಅಂಥ ನಗು ನನಗೆ ಜೀವಮಾನದಲ್ಲಿ ಒಂದು ಸಲವೂ ಬಂದಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಸಿದ್ಲಿಂಗ ಓಡಿಬಂದ. ‘ದೇವರು ದೊಡ್ಡೋನು. ಪದ್ಮಣ್ಣ ನಿಮ್ಮ ಹೆಸರು ಹಿಡಿದು ಕೂಗದೇ ಇದ್ದಿದ್ರೆ ಗಾಳಿ ತಟ್ತಿರೋದು ಗೊತ್ತಾಗ್ದೆ ನೀವು ಕದ ತೆಗೆದು ಅದ್ರ ಎದುರೇ ಸಿಕ್ಕೊಳ್ತಿದ್ರಿ ಎಂಜಿನಿಯರಮ್ಮ. ಅರ್ಧ ಕೂಗೋದ್ರೊಳಗೇ ಗಾಳಿ ನುಗ್ಬಿಡ್ತು.’ ಅವಳು ಆಗ ನನ್ನನ್ನು ನೋಡಿದಳು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

ಸಂಜೆಯ ಹೊತ್ತಿಗೆ ಊರೆಲ್ಲ ಅದೇ ಕಥೆ. ಅವಳನ್ನು ಎಚ್ಚರಿಸಲು ಹೋಗಿ ಪದ್ಮಣ್ಣನ ನಾಲಿಗೆಯಲ್ಲಿ ಅವಳ ನಿಜವಾದ ಹೆಸರು ಬಂದುಬಿಟ್ಟಿತಂತೆ, ಪಾಪ, ಎಷ್ಟು ಗಾಬರಿಯಾಗಿರಬೇಕು. ನಿಯಮದಂತೆ ನಾನು ಬಾಯಿಗೆ ಬಟ್ಟೆ ಕಟ್ಟಿಕೊಂಡೆ. ಮೂರನೇ ದಿನ ನಾಲ್ಕು ಜನ ಹಿರಿಯರು ಮನೆಗೆ ಬಂದು ತಾವೇ ಬಿಚ್ಚಿದರು. ನಾಗವೇಣಿ ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಬಂದಳು: ‘ನಮ್ಮನೆಯವರು ಆ ಹುಡುಗಿ ಜೀವ ಉಳಿಸಿದ್ರು.’

ಮಳೆ ನಿಂತ ದಿನ ನಾನು ಏಣಿ ಹಾಕಿ ಒಂಬತ್ತನೆಯದರ ಚಾವಣಿ ಹತ್ತಿದೆ. ಪರೀಕ್ಷೆ ಮಾಡಿ ವರದಿ ಕೊಡಬೇಕಾದವನು ನಾನೇ. ಒಂದು ಸಣ್ಣ ಸುತ್ತಿಗೆ ಹಿಡಿದು ಮೂಲೆಯಿಂದ ಮೂಲೆಗೆ ಒಂದೊಂದು ಸ್ಕ್ರೂವನ್ನೂ ತಟ್ಟಿ ನೋಡಿದೆ. ಸಡಿಲವಾದದ್ದು ಒಂದಾದರೂ ಸಿಗಲಿ ಎಂದು ಮೊಣಕಾಲೂರಿ ಅರ್ಧ ದಿನ ತೆವಳಿದೆ. ಒಂದೂ ಸಿಗಲಿಲ್ಲ. ಕೊನೆಗೆ ಚಾವಣಿಯ ತುದಿಯಲ್ಲಿ ಕೂತಾಗ ಆಡು ಕರೆದ ಮುದುಕಿ ನೆನಪಾದಳು. ಅಲ್ಲಿಂದ ಇಳಿದು ಬಂದೆ. ವರದಿಯಲ್ಲಿ ‘ಹೆಸರಿನ ಕರೆ, ಬಾಗಿಲು ನಾಶ, ಉಳಿದದ್ದು ಸುಸ್ಥಿತಿ’ ಎಂದು ಮೂರು ಮಾತು ಬರೆದು ಸಹಿ ಹಾಕಿದೆ. ಹೆಸರಿನ ಕರೆ ಎಂದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಗಾಳಿಗಾಲ ಮುಗಿಯುವ ದಿನ ನಮ್ಮ ಊರಿನಲ್ಲಿ ಹಬ್ಬವೇನೂ ಇಲ್ಲ, ಆದರೆ ಜನ ಸುಮ್ಮಸುಮ್ಮನೆ ಒಬ್ಬರನ್ನೊಬ್ಬರು ಕರೆಯುತ್ತಾರೆ. ಕೆಲಸವಿಲ್ಲದಿದ್ದರೂ ‘ಬಾ ಇಲ್ಲಿ’ ಎನ್ನುತ್ತಾರೆ. ಹೋದರೆ ‘ಏನಿಲ್ಲ, ಸುಮ್ನೆ ಕರೆದೆ’ ಎಂದು ನಗುತ್ತಾರೆ. ಮಂಡಳಿಯ ಸಭೆಯೂ ಅವತ್ತೇ. ವರದಪ್ಪನವರು ಬಾಗಿಲಲ್ಲೇ ನಿಂತು ಬನ್ನಿ ಬನ್ನಿ ಎಂದು ಬಾಯಿ ತುಂಬ ಸ್ವಾಗತಿಸಿದರು. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಸಿದ್ಲಿಂಗನೂ ಹಮಾಲಿಗಳೂ ಹಿಂದೆ ನಿಂತಿದ್ದರು. ಭಾನುಮತಿ ಕೈಗೆ ಪಟ್ಟು ಹಾಕಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದಳು.

ವರದಪ್ಪನವರು ನನ್ನ ವರದಿ ಓದಿದರು. ‘ಹೆಸರಿನ ಕರೆ. ಅಂದ್ರೆ ಅರ್ಧ ಗಾಳಿ. ಇಣುಕಿ ನೋಡಿ ಹೋಗೋ ಗಾಳಿ. ಅಷ್ಟಕ್ಕೇ ಬಾಗಿಲು ಕಿತ್ಕೊಂಡು ಹೋಯ್ತು! ಪದ್ಮಣ್ಣನ ಬಾಗಿಲುಗಳು ಅರ್ಧ ಗಾಳಿಗೆ ಅಲ್ಲಾಡಿದ್ದಾದ್ರೂ ಉಂಟಾ? ಇನ್ನು ಪೂರ್ತಿ ಗಾಳಿ ಬಂದಿದ್ರೆ ಏನು ಗತಿ?’ ಎಂದರು. ಭಾನುಮತಿ ಎದ್ದು ನಿಂತು, ‘ಅದು ಅರ್ಧ ಗಾಳಿ ಆಗಿರಲಿಲ್ಲ’ ಎಂದಳು. ‘ಮತ್ತೇನಮ್ಮಾ? ಪದ್ಮಣ್ಣ ಕರೆದದ್ದು ನಿನ್ನನ್ನೋ, ಗಾಳೀನೋ?’ ಎಂದರು ವರದಪ್ಪ. ಸಭೆ ನಕ್ಕಿತು. ಅವಳು ನನ್ನ ಕಡೆ ಒಂದು ಸಲ ನೋಡಿ ಕೂತುಕೊಂಡಳು. ‘ಏಳೂ ಗೋದಾಮು ಹಳೇ ನಕ್ಷೆಯಲ್ಲೇ ಆಗ್ಲಿ. ಒಂಬತ್ತನೇದು ನೋಡೋಕೆ ಚೆಂದ ಇದೆ, ಯಾರಾದ್ರೂ ಕೋಳಿ ಸಾಕೋರಿಗೆ ಕೊಡೋಣ,’ ಎಂದರು. ಸಭೆ ಮತ್ತೆ ನಕ್ಕಿತು.

ನಾನು ಮೂರು ವರ್ಷದಿಂದ ಕಾಯುತ್ತಿದ್ದ ನಗು ಅದು. ಈಗ ಸುಖವಾಗಬೇಕು ಎಂದು ಕಾದೆ. ಆಗಲಿಲ್ಲ, ಬದಲಿಗೆ ಸಿಟ್ಟು ಬಂತು. ಈ ಕೊಬ್ಬರಿ ವ್ಯಾಪಾರಿಗೆ ಏನು ಗೊತ್ತು? ಆ ಮೂಲೆಯ ಸ್ಕ್ರೂಗಳ ಸಾಲನ್ನು ನೋಡಿದ್ದಾರೆಯೇ ಇವರು? ಆ ಕೀಲುಗಳು ಏಳುವಾಗಿನ ಸದ್ದು ಕೇಳಿದ್ದಾರೆಯೇ? ನಮ್ಮ ಊರಿನಲ್ಲಿ ಆ ಗೋದಾಮಿನ ಬೆಲೆ ನನ್ನಷ್ಟು ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಅದು ಕೋಳಿಗೂಡಾದರೆ ನಾನು ಮೂರು ವರ್ಷ ಅನ್ನ ನೀರು ರುಚಿಸದೆ ಉರಿದದ್ದು ಒಂದು ಕೋಳಿಗೂಡಿಗಾಗಿಯೇ? ನಾನು ಎದ್ದು ನಿಂತದ್ದು ನನಗೇ ಗೊತ್ತಾಗಲಿಲ್ಲ.

‘ಗಾಳಿಯನ್ನು,’ ಎಂದೆ. ‘ನಾನು ಕರೆದದ್ದು ಗಾಳಿಯನ್ನು.’

 ವರದಪ್ಪನವರು ಎದ್ದು ಬಂದು ನನ್ನ ಭುಜ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು. ‘ಪದ್ಮಣ್ಣ, ನಿಮ್ಮ ಮನಸ್ಸು ಎಂಥದ್ದು! ಆ ಹುಡುಗಿ ಕೆಲಸ ಉಳೀಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದೀರಾ?’ ಹಿಂದಿನಿಂದ ಯಾರೋ ಚಪ್ಪಾಳೆಯನ್ನೇ ತಟ್ಟಿದರು.

ಜೀವನದಲ್ಲಿ ಒಂದು ಸಲ ನಿಜ ಹೇಳಿದರೆ ಅದಕ್ಕೂ ಹೀಗೆ. ನಾನು ಅವರ ಕೈ ಕೊಡವಿದೆ. ‘ಸಿದ್ಲಿಂಗ, ನಿನಗೆ ಅವತ್ತು ಏನು ಕೇಳಿಸಿತು? ಸರಿಯಾಗಿ ಹೇಳು,’ ಎಂದೆ.

‘ಬಾ ಅಂತ ಕೇಳಿಸ್ತು. ‘ನು’ ಗಾಳೀಲಿ ಹೋಯ್ತು ಅನ್ಕೊಂಡೆ.’

‘ಬಾ ಅಂತಲೋ, ಭಾ ಅಂತಲೋ?’

ಸಿದ್ಲಿಂಗ ತಲೆ ಕೆರೆದುಕೊಂಡ. ‘ನಂಗೆ ಎರಡೂ ಒಂದೇ ಪದ್ಮಣ್ಣ. ಆದ್ರೆ...’ ಎಂದು ಜೊತೆಯವರ ಮುಖ ನೋಡಿದ. ‘ನೀವು ಅವರ ಹೆಸರು ಕರೆಯುವಾಗ ಎದೆಯಿಂದ ಒಂದು ಉಸಿರು ತಳ್ಳಿ ಕರೀತೀರಿ. ನಾವು ಅದನ್ನ ಆಡ್ಕೊಂಡು ನಗ್ತಿದ್ವಿ, ತಪ್ಪು ತಿಳ್ಕೋಬೇಡಿ. ಅವತ್ತು ಆ ಉಸಿರು ಇರ್ಲಿಲ್ಲ. ನಮ್ಮಂಗೇ ಅಂದ್ರಿ.’

‘ಇಪ್ಪತ್ತಾರು ವರ್ಷದಲ್ಲಿ ನಾನು ಯಾರ ಹೆಸರಿನದಾದರೂ ಮಹಾಪ್ರಾಣ ನುಂಗಿದ್ದನ್ನು ಕೇಳಿದ್ದೀರಾ?’ ಎಂದು ಸಭೆಯನ್ನು ಕೇಳಿದೆ. ಯಾರೂ ಕೇಳಿರಲಿಲ್ಲ. ‘ಬಾ ಅಂದೆ. ಬೇಕೆಂದೇ ಅಂದೆ. ಅದು ಬೀಳಲಿ ಅಂತ ಅಂದೆ. ಪೂರ್ತಿ ಗಾಳಿ ಒಳಗೆ ಹೋಗಿ ಕಾಲು ಗಂಟೆ ಇತ್ತು. ಒಂದು ಸ್ಕ್ರೂ ಕೂಡ ಸಡಿಲವಾಗಲಿಲ್ಲ. ಬರೆದುಕೊಳ್ಳಿ.’

ಬರೆದುಕೊಂಡರು. ಏಳೂ ಗೋದಾಮುಗಳು ಅವಳ ನಕ್ಷೆಯಲ್ಲಿ ಎಂದಾಯಿತು. ನನ್ನನ್ನು ಅವತ್ತೇ ಕೆಲಸದಿಂದ ತೆಗೆದರು. ಬೇಕೆಂದೇ ಕರೆದವನಿಗೆ ಏನು ಶಿಕ್ಷೆ ಎಂದು ನಿಯಮ ಪುಸ್ತಕದಲ್ಲಿ ಇರಲಿಲ್ಲ, ಅಂಥವನೊಬ್ಬ ಹುಟ್ಟಬಹುದೆಂದು ಬರೆದವರು ಎಣಿಸಿರಲಿಲ್ಲ. ಇನ್ನು ಮುಂದೆ ಪ್ರತಿ ಗಾಳಿಗಾಲಕ್ಕೂ ನಾನು ಊರು ಬಿಟ್ಟು ಹೋಗಬೇಕು ಎಂದು ಹೊಸದಾಗಿ ಬರೆದರು. ಬಿದ್ದ ನನ್ನ ನಾಲ್ಕು ಗೋದಾಮುಗಳ ವಿಷಯ ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ, ಅಷ್ಟು ಒಳ್ಳೆಯವನು ನಾನಲ್ಲ.

ಹೊರಗೆ ಬಂದಾಗ ಭಾನುಮತಿ ಜಗಲಿಯ ಕಂಬದ ಹತ್ತಿರ ನಿಂತಿದ್ದಳು. ನನಗಾಗಿಯೇ ಕಾಯುತ್ತಿದ್ದಳು. ಹಮಾಲಿಗಳು ಅವಳಿಗೆ ಅಭಿನಂದನೆ ಹೇಳಿ ನನ್ನನ್ನು ಸುತ್ತು ಹಾಕಿಕೊಂಡು ಹೋದರು. ಇವಳು ಈಗ ನನ್ನ ಕಾಲು ಮುಟ್ಟಬಹುದು, ಬೇಡ ಎನ್ನಬೇಕು ಎಂದು ನಾನು ಮನಸ್ಸಿನಲ್ಲೇ ಸಿದ್ಧನಾದೆ. ಎಷ್ಟಾದರೂ ಅವಳಿಗೆ ಏಳು ಗೋದಾಮುಗಳನ್ನು ಕೊಟ್ಟವನು ನಾನು.

‘ನಿಜ ಹೇಳಿದ್ರಿ ಸರ್,’ ಎಂದಳು.

‘ನಿನ್ನ ಕೆಲಸ ದೊಡ್ಡದು. ಅದಕ್ಕೆ ಅವರು ನಗೋದು ನೋಡೋಕಾಗಲಿಲ್ಲ.’

‘ಬಾಗಿಲಿನ ವಿಷಯ ಆಯ್ತು. ಚಾವಣಿ ವಿಷಯ ಆಯ್ತು. ಅರ್ಧ ಗಾಳಿ, ಪೂರ್ತಿ ಗಾಳಿ, ಉಸಿರು ಬಂತಾ ಇಲ್ವಾ, ಎಲ್ಲಾ ಆಯ್ತು. ಅವರು ಯಾರೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ.’

‘ಏನನ್ನು?’ ಎಂದೆ. ನನಗೆ ನಿಜವಾಗಿಯೂ ತಿಳಿದಿರಲಿಲ್ಲ.

‘ನೀವು ಕರೆದಾಗ ಒಳಗೆ ನಾನಿದ್ದೆ ಸರ್.’

 ಸೈಕಲ್ ನೋಡಿದ್ದೆ, ಎಣ್ಣೆ ಹಾಕಲು ಹೋಗಿದ್ದಾಳೆಂದು ಗೊತ್ತಿತ್ತು, ಗೊತ್ತಿರಲಿಲ್ಲ ಎನ್ನುವ ಹಾಗಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬಾಗಿಲಿತ್ತು, ಗೋಡೆಯಿತ್ತು, ತೊಲೆ, ಕಂಬ, ಚಾವಣಿ ಎಲ್ಲವೂ ಇದ್ದವು. ಅವಳಿರಲಿಲ್ಲ. ಇದನ್ನು ಅವಳಿಗೆ ಹೇಗೆ ಹೇಳುವುದು?  ಅವಳು ಪಟ್ಟು ಹಾಕಿದ ಕೈಯನ್ನು ಎದೆಗೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು.